ಬಂಬಕ್ಕೆ ದಾರಿ

ಸಂಜೆ ಏಳು ಗಂಟೆಯ ಸುಮಾರಿಗೆ ಡೊಂಬಿವಲಿ ಪೂರ್ವದ ಮಾನಪಾಡಾ ರಸ್ತೆಯ ಅಂಚಿನಲ್ಲಿ ನಿಂತು ನೋಡಿದವರಿಗೆ ನಾವು ಹೇಳಲಿರುವ ನೋಟವು ಹೊಸದಲ್ಲ. ಲೋಕಲ್ ಗಾಡಿಗಳಿಂದ ಇಳಿದ ಜನರು ಮನೆಯ ದಾರಿ ಹಿಡಿದಿರುತ್ತಾರೆ. ರಿಕ್ಷಾಗಳು ಸಾಲುಗಟ್ಟಿರುತ್ತವೆ. ತರಕಾರಿಯ ಕೈಗಾಡಿಗಳು ರಸ್ತೆಯ ಕಾಲು ಭಾಗವನ್ನು ನುಂಗಿರುತ್ತವೆ. ಅಷ್ಟರಲ್ಲಿ ದೂರದಿಂದ ಸೈರನ್ನಿನ ಕೂಗು ಕೇಳಿಬರುತ್ತದೆ. ಬಂಬ ಬರುತ್ತಿದೆ! ಅಗ್ನಿಶಾಮಕ ವಾಹನವನ್ನು ನಮ್ಮ ಮರಾಠಿ ನೆರೆಯವರು ಬಂಬ ಎಂದು ಕರೆಯುತ್ತಾರೆ; ಇಲ್ಲಿ ಬಂದು ನೆಲೆಸಿದ ನಮ್ಮವರ ಬಾಯಲ್ಲಿಯೂ ಆ ಹೆಸರೇ ಊರಿಕೊಂಡಿರುವುದರಿಂದ ನಾವೂ ಅದನ್ನೇ ಬಳಸುತ್ತೇವೆ. ಸೈರನ್ ಕೇಳಿದೊಡನೆ ರಸ್ತೆಯಲ್ಲಿದ್ದವರು ಏನು ಮಾಡುತ್ತಾರೆ? ಕೆಲವರು ಬದಿಗೆ ಸರಿಯುತ್ತಾರೆ. ಕೆಲವರು ಗಾಬರಿಯಿಂದ ನಡುರಸ್ತೆಯಲ್ಲಿಯೇ ಬ್ರೇಕು ಹಾಕಿ ನಿಲ್ಲುತ್ತಾರೆ. ಸ್ಕೂಟರಿನ ತರುಣರು ಬಂಬದ ಬಾಲ ಹಿಡಿದು, ಅದು ಬಿಡಿಸಿದ ದಾರಿಯಲ್ಲಿ ತಾವೂ ಓಡಿ ಎರಡು ನಿಮಿಷ ಉಳಿಸಿಕೊಳ್ಳುತ್ತಾರೆ. ಮರುದಿನ ಹೋಟೆಲಿನ ಮೇಜಿನ ಸುತ್ತ ಇವರೆಲ್ಲರೂ ಒಂದೇ ಮಾತನ್ನು ಆಡುತ್ತಾರೆ: "ಬಂಬ ತಡವಾಗಿ ಬಂತು. ಡ್ರೈವರನಿಗೆ ಗಾಡಿ ಓಡಿಸಲು ಬರುವುದಿಲ್ಲ."

ಈ ಮಾತನ್ನು ನಾವೂ ಆಡಿದವರೇ. ಇದು ತಪ್ಪು ಮಾತೆಂದು ನಮಗೆ ತಿಳಿದುಬಂದುದು ಹೇಗೆಂಬುದನ್ನು ಮುಂದೆ ನಿವೇದಿಸುತ್ತೇವೆ. ಅದಕ್ಕೆ ಮೊದಲು, ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ದುಡಿದು ಬಾಳುವ ನಮ್ಮ ಹೋಟೆಲ್ ಬಂಧುಗಳೂ ಗುಮಾಸ್ತ ಬಂಧುಗಳೂ ಸ್ವಲ್ಪ ಹೊತ್ತು ಆ ಡ್ರೈವರನ ಆಸನದಲ್ಲಿ ಕುಳಿತು ನೋಡಬೇಕೆಂದು ಪ್ರಾರ್ಥನೆ.

ಬಂಬವೆಂದರೆ ಮೊದಲನೆಯದಾಗಿ ಭಾರ. ೪,೫೦೦ ಲೀಟರು ನೀರು ತುಂಬಿದ ಒಂದು ವಾಹನವನ್ನು ತೆಗೆದುಕೊಳ್ಳಿ. ಆ ನೀರಿನ ತೂಕವೇ ನಾಲ್ಕೂವರೆ ಟನ್ನು; ಎಂದರೆ ಸುಮಾರು ಅರವತ್ತು ಮಂದಿ ಬೆಳೆದ ಗಂಡಸರ ತೂಕ. ಅದರ ಮೇಲೆ ಪಂಪು, ಏಣಿ, ಕೊಳವೆಗಳು, ಐದಾರು ಜನ ಸಿಬ್ಬಂದಿ. ಸಾಮಾನಿನ ಲಾರಿಯಲ್ಲಿ ಹೊರೆಯು ಕಟ್ಟಿದಲ್ಲಿಯೇ ಇರುತ್ತದೆ, ನೀರು ಹಾಗಿರುವುದಿಲ್ಲ. ಸಾಂಬಾರಿನ ಬಕೆಟ್ಟು ಹಿಡಿದು ಬಡಿಸುವ ನಮ್ಮ ಹುಡುಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ತುಂಬಿದ ಬಕೆಟ್ಟಿಗಿಂತ ಅರ್ಧ ತುಂಬಿದ ಬಕೆಟ್ಟು ಹೆಚ್ಚು ತುಯ್ಯುತ್ತದೆ. ಓಡುತ್ತಿದ್ದವನು ಥಟ್ಟನೆ ನಿಂತರೆ ಕೈ ನಿಂತರೂ ಸಾಂಬಾರು ನಿಲ್ಲುವುದಿಲ್ಲ. ಬಂಬದ ತೊಟ್ಟಿಯೊಳಗೆ ಅಡ್ಡಡ್ಡಲಾಗಿ ತಗಡುಗಳನ್ನು ಹಾಕಿ ಈ ತುಯ್ತವನ್ನು ತಗ್ಗಿಸಿರುತ್ತಾರೆಂಬುದು ನಿಜ. ಆದರೂ ತಿರುವಿನಲ್ಲಿ ನೀರು ಒಂದು ಮಗ್ಗುಲಿಗೆ ಒತ್ತುವುದನ್ನು ಯಾರೂ ಪೂರ್ಣವಾಗಿ ತಡೆಯಲಾರರು. ವೇಗವಾಗಿ ತಿರುಗಿದ ನೀರಿನ ಗಾಡಿಯು ಮಗುಚಿ ಬೀಳುವುದು ಇದೇ ಕಾರಣದಿಂದ.

ಎರಡನೆಯದು ವೇಗದ ಲೆಕ್ಕ. ಕಚೇರಿಯಲ್ಲಿ ದಿನವಿಡೀ ಅಂಕಿಗಳೊಡನೆ ಒಡನಾಡುವ ನಮ್ಮ ಗುಮಾಸ್ತ ಬಂಧುಗಳು ಇದನ್ನು ತಾವೇ ಹಾಕಿ ನೋಡಬಹುದು. ಅಗ್ನಿಶಾಮಕ ಠಾಣೆಯಿಂದ ಬೆಂಕಿ ಹೊತ್ತಿದ ಸ್ಥಳವು ೩ ಕಿಲೋಮೀಟರು ದೂರವಿದೆಯೆಂದು ಇಟ್ಟುಕೊಳ್ಳೋಣ. ಗಂಟೆಗೆ ೪೦ ಕಿಲೋಮೀಟರಿನಂತೆ ಹೋದರೆ ನಾಲ್ಕೂವರೆ ನಿಮಿಷ ಬೇಕು. ೬೦ರಂತೆ ಹೋದರೆ ಮೂರು ನಿಮಿಷ. ಉಳಿತಾಯವಾದುದು ಒಂದೂವರೆ ನಿಮಿಷ. ಅದೂ ದಾರಿಯುದ್ದಕ್ಕೂ ಎಲ್ಲಿಯೂ ತಡೆಯಿಲ್ಲದಿದ್ದರೆ ಮಾತ್ರ. ಇದಕ್ಕೆ ತೆರುವ ಬೆಲೆಯೇನು? ಓಡುವ ವಾಹನದ ಬಲವು ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ನಾಲ್ವತ್ತರ ವರ್ಗ ೧,೬೦೦. ಅರವತ್ತರ ವರ್ಗ ೩,೬೦೦. ವೇಗವು ಒಂದೂವರೆ ಪಟ್ಟು ಆದರೆ, ಬ್ರೇಕು ಅದುಮಿ ಅಡಗಿಸಬೇಕಾದ ಬಲವು ಎರಡೂಕಾಲು ಪಟ್ಟು ಆಗುತ್ತದೆ. ಅಡ್ಡ ಬಂದ ಮಗುವನ್ನು ಕಂಡು ಡ್ರೈವರನ ಕಾಲು ಬ್ರೇಕಿನ ಮೇಲೆ ಹೋಗಲು ಒಂದು ಸೆಕೆಂಡು ಹಿಡಿದರೂ, ಅಷ್ಟರಲ್ಲಿಯೇ ಗಾಡಿಯು ಮೊದಲನೆಯ ವೇಗದಲ್ಲಿ ೧೧ ಮೀಟರು, ಎರಡನೆಯ ವೇಗದಲ್ಲಿ ಸುಮಾರು ೧೭ ಮೀಟರು ಮುಂದೆ ಹೋಗಿರುತ್ತದೆ. ನಿಲ್ಲುವ ಮಾತು ಆಮೇಲಿನದು.

ಹಾಗಾದರೆ ಮನೆ ಉರಿಯುತ್ತಿರುವಾಗ ಬಂಬದವನು ಮದುವೆಯ ದಿಬ್ಬಣದಂತೆ ಬರಬೇಕೆ, ಎಂದು ಕೆಲವರು ಕೇಳಬಹುದು. ಕೇಳುವುದು ಸಹಜ. ಒಂದೊಂದು ನಿಮಿಷಕ್ಕೂ ಬೆಂಕಿಯು ಬೆಳೆಯುತ್ತದೆಂಬುದನ್ನು ಅಡಿಗೆಮನೆಯಲ್ಲಿ ಬಾಳಿದವರಿಗೆ ಹೇಳಬೇಕಾಗಿಲ್ಲ. ಆದರೆ ದಾರಿಯಲ್ಲಿ ಮಗುಚಿದ ಬಂಬವು ತಡವಾಗಿಯೂ ತಲುಪುವುದಿಲ್ಲ; ತಲುಪುವುದೇ ಇಲ್ಲ. ಅದರ ಬದಲಿಗೆ ಇನ್ನೊಂದು ಬಂಬ ಹೊರಡಬೇಕು. ಜತೆಗೆ ಮಗುಚಿದ ಬಂಬದಲ್ಲಿದ್ದವರ ಪ್ರಾಣರಕ್ಷಣೆಗೆ ಮತ್ತೊಂದು ಹೊರಡಬೇಕು. ಒಂದು ಬೆಂಕಿಯಿದ್ದಲ್ಲಿ ಎರಡು ಅನಾಹುತಗಳಾದಂತಾಯಿತು. ಅಮೆರಿಕದಲ್ಲಿ ಕರ್ತವ್ಯದ ಮೇಲೆ ಮಡಿಯುವ ಅಗ್ನಿಶಾಮಕರ ಲೆಕ್ಕವನ್ನು ಬಹುಕಾಲದಿಂದ ಇಟ್ಟಿದ್ದಾರೆ. ಹೃದಯಾಘಾತವನ್ನು ಬಿಟ್ಟರೆ ಅವರನ್ನು ಹೆಚ್ಚಾಗಿ ಬಲಿ ತೆಗೆದುಕೊಂಡ ಕಾರಣಗಳಲ್ಲಿ ವಾಹನದ ಅಪಘಾತವು ಮುಖ್ಯವಾದುದು. ಆದುದರಿಂದ ಆ ದೇಶದ ರಾಷ್ಟ್ರೀಯ ಅಗ್ನಿ ಸಂರಕ್ಷಣಾ ಸಂಘದ ಮಾನದಂಡವು, ತುರ್ತು ಕರೆಗೆ ಓಡುತ್ತಿದ್ದರೂ ಕೆಂಪು ದೀಪದ ಬಳಿ, ಕುರುಡು ತಿರುವುಳ್ಳ ಕೂಡುರಸ್ತೆಯ ಬಳಿ, ಎಲ್ಲ ಸಾಲುಗಳ ವಾಹನಗಳೂ ಕಣ್ಣಿಗೆ ಕಾಣದಿರುವಲ್ಲಿ ಬಂಬವು ಪೂರ್ತಿ ನಿಂತು, ನೋಡಿ, ಆಮೇಲೆ ಮುಂದುವರಿಯಬೇಕೆಂದು ವಿಧಿಸಿದೆ. ನಾಲ್ಕು ಚೌಕಗಳಲ್ಲಿ ಐದೈದು ಸೆಕೆಂಡು ನಿಂತರೆ ಕಳೆದುಹೋಗುವುದು ಇಪ್ಪತ್ತು ಸೆಕೆಂಡು. ಒಳಗೆ ಕುಳಿತವರೆಲ್ಲರೂ ಬೆಲ್ಟು ಕಟ್ಟಿಕೊಂಡ ಮೇಲೆಯೇ ಗಾಡಿ ಚಲಿಸಬೇಕೆಂಬುದೂ ಅಲ್ಲಿಯ ನಿಯಮ. ಇವು ಹೇಡಿಗಳ ನಿಯಮಗಳಲ್ಲ. ಬಹಳ ಹೆಣಗಳನ್ನು ಎತ್ತಿದವರು ಮಾಡಿಕೊಂಡ ನಿಯಮಗಳು.

ನಮ್ಮ ದೇಶದ ಕಾನೂನಿನ ತಿರುಳೂ ಇದಕ್ಕಿಂತ ಬೇರೆಯಲ್ಲ. ೨೦೧೭ರ ಮೋಟಾರು ವಾಹನ ಚಾಲನಾ ವಿನಿಯಮಗಳಲ್ಲಿ, ತುರ್ತು ಕೆಲಸಕ್ಕೆ ಹೊರಟ ವಾಹನಗಳಿಗೆ ದಾರಿಯ ಮೊದಲ ಹಕ್ಕನ್ನು ಕೊಡುವಾಗ ಅಗ್ನಿಶಾಮಕ ವಾಹನವನ್ನು ಎಲ್ಲಕ್ಕಿಂತ ಮುಂದೆ ಇರಿಸಿದ್ದಾರೆ; ಆಂಬುಲೆನ್ಸೂ ಪೋಲೀಸರ ವಾಹನವೂ ಅದರ ಹಿಂದೆ. ಪ್ರಾಣ ಉಳಿಸುವ ಅತ್ಯವಸರದಲ್ಲಿ ಅದು ಕೆಂಪು ದೀಪವನ್ನು ದಾಟಬಹುದು, ವೇಗದ ಮಿತಿಯನ್ನು ಮೀರಬಹುದು, ಎದುರು ದಿಕ್ಕಿನಲ್ಲಿಯೂ ಹೋಗಬಹುದು. ಆದರೆ ತಕ್ಕ ಎಚ್ಚರಿಕೆಯಿಂದಲೂ ಹೊಣೆಗಾರಿಕೆಯಿಂದಲೂ ಹೋಗಬೇಕೆಂಬ ಷರತ್ತು ಅಲ್ಲಿಯೇ ಇದೆ. ಈ ಷರತ್ತಿನಲ್ಲಿ ಡ್ರೈವರನ ಬದುಕೆಲ್ಲ ಅಡಗಿದೆ. ನಿಧಾನವಾಗಿ ಬಂದರೆ ಜನರು ಬೈಯುತ್ತಾರೆ. ವೇಗವಾಗಿ ಬಂದು ಯಾರಿಗಾದರೂ ತಗಲಿದರೆ ಅದೇ ಜನರು ಹೊಡೆಯಲು ಮುಂದಾಗುತ್ತಾರೆ, ಮೊಕದ್ದಮೆಯ ಹೊಣೆಯೂ ಅವನ ಕೊರಳಿಗೆ ಬೀಳುತ್ತದೆ. ತಿಂಗಳ ಸಂಬಳದಲ್ಲಿ ಸಂಸಾರ ತೂಗಿಸುವ ನಮಗೆ ಈ ಸಂಕಟವು ಅರ್ಥವಾಗದೆ ಇರಲಾರದು.

ದಾರಿ ಬಿಡದವರಿಗೂ ಕಾನೂನಿದೆ. ೨೦೧೯ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯಿದೆಗೆ ಸೇರಿದ ೧೯೪ ಇ ಕಲಮಿನ ಪ್ರಕಾರ, ಬಂಬವಾಗಲಿ ಆಂಬುಲೆನ್ಸಾಗಲಿ ಬರುತ್ತಿರುವಾಗ ತನ್ನ ವಾಹನವನ್ನು ರಸ್ತೆಯ ಬದಿಗೆ ಸರಿಸದವನಿಗೆ ಆರು ತಿಂಗಳವರೆಗೆ ಸಜೆ, ಇಲ್ಲವೆ ೧೦,೦೦೦ ರೂಪಾಯಿ ದಂಡ, ಇಲ್ಲವೆ ಎರಡೂ ಆಗಬಹುದು. ದಂಡಕ್ಕೆ ಹೆದರಿ ಸರಿಯುವುದಕ್ಕಿಂತ, ಉರಿಯುತ್ತಿರುವುದು ನಮ್ಮದೇ ಮನೆ ಇರಬಹುದೆಂದು ಸರಿಯುವುದು ಮಾನವಂತರ ಲಕ್ಷಣ.

ಇನ್ನು ನಮ್ಮ ಊರುಗಳ ವಿಶೇಷ ತೊಂದರೆಗಳನ್ನು ನೋಡೋಣ. ಡೊಂಬಿವಲಿಯನ್ನೂ ಕಲ್ಯಾಣವನ್ನೂ ರೈಲುಹಾದಿಯು ಎರಡಾಗಿ ಸೀಳಿದೆ. ಪೂರ್ವದ ಬಂಬವು ಪಶ್ಚಿಮಕ್ಕೆ ಹೋಗಬೇಕಾದರೆ ಸೇತುವೆಯೇ ಗತಿ. ಕಲ್ಯಾಣದ ಹಳೆಯ ಪತ್ರಿಪೂಲನ್ನು ೨೦೧೮ರಲ್ಲಿ ಕೆಡವಿದ ಮೇಲೆ ಹೊಸದು ತೆರೆದುದು ೨೦೨೧ರಲ್ಲಿ. ಡೊಂಬಿವಲಿಯ ಕೋಪರ ಸೇತುವೆಯು ೨೦೧೯ರಲ್ಲಿ ಮುಚ್ಚಿ ೨೦೨೧ರಲ್ಲಿ ಮತ್ತೆ ತೆರೆಯಿತು. ಆ ದಿನಗಳಲ್ಲಿ ಕೆಲಸಕ್ಕೆ ಹೋಗಿಬರುವುದಕ್ಕೆ ನಾವು ಪಟ್ಟ ಪಾಡು ನಮಗೆ ನೆನಪಿದೆ. ಅದೇ ದಾರಿಯಲ್ಲಿ ಬಂಬದವರೂ ಹೋಗಬೇಕಾಗಿತ್ತೆಂಬುದನ್ನು ನಮ್ಮಲ್ಲಿ ಎಷ್ಟು ಮಂದಿ ನೆನೆದೆವು? ಠಾಣೆಯ ಜಾಂಭಳಿ ನಾಕಾದ ಪೇಟೆಯೊಳಗೆ ಹಗಲಿನಲ್ಲಿ ಸೈಕಲ್ಲೂ ಕಷ್ಟಪಟ್ಟು ನುಸುಳುತ್ತದೆ. ಘೋಡಬಂದರ ರಸ್ತೆಯಲ್ಲಿ ಮುಗಿಲು ಮುಟ್ಟುವ ಕಟ್ಟಡಗಳೆದ್ದಿವೆ. ಅವುಗಳಿಗೆ ಹೋಗುವ ದಾರಿಯಲ್ಲಿ ಮಾತ್ರ ಲಾರಿಗಳ ಸಾಲು ಕರಗುವುದಿಲ್ಲ. ನವಿ ಮುಂಬಯಿಯು ನಕ್ಷೆ ಬರೆದು ಕಟ್ಟಿದ ಊರು, ಹೆದ್ದಾರಿಗಳು ವಿಶಾಲವಾಗಿವೆ. ಆದರೆ ರಾತ್ರಿ ಹತ್ತರ ಮೇಲೆ ವಾಶಿಯ ಯಾವುದಾದರೂ ಸೆಕ್ಟರಿನ ಒಳರಸ್ತೆಗೆ ಹೋಗಿ ನೋಡಿದರೆ ಎರಡೂ ಬದಿಗೆ ಕಾರುಗಳು ನಿಂತು ನಡುವೆ ಒಂದೇ ಗಾಡಿಯ ಹಾದಿ ಉಳಿದಿರುತ್ತದೆ.

ಇವುಗಳ ಜತೆಗೆ ಕಾರಖಾನೆಗಳಿವೆ. ೨೦೧೬ರ ಮೇ ೨೬ರಂದು ಡೊಂಬಿವಲಿಯ ಎಂ.ಐ.ಡಿ.ಸಿ. ಪ್ರದೇಶದ ಪ್ರೋಬೇಸ್ ಕಾರಖಾನೆಯಲ್ಲಿ ಸ್ಫೋಟವಾಗಿ ೧೨ ಜನ ಮಡಿದರು. ಎಂಟು ವರ್ಷಗಳ ತರುವಾಯ, ೨೦೨೪ರ ಮೇ ೨೩ರಂದು, ಅದೇ ಪ್ರದೇಶದ ಅಮುದಾನ್ ರಾಸಾಯನಿಕ ಕಾರಖಾನೆಯ ಸ್ಫೋಟದಲ್ಲಿ ಹತ್ತಕ್ಕೂ ಹೆಚ್ಚು ಜೀವಗಳು ಹೋದವು. ಇಂತಹ ದಿನಗಳಲ್ಲಿ ಒಂದೇ ಊರಿನ ಬಂಬಗಳು ಸಾಲವು, ನೆರೆಯೂರುಗಳಿಂದಲೂ ಓಡಿಬರಬೇಕಾಗುತ್ತದೆ. ಹೊರಗಿನಿಂದ ಬರುವ ಡ್ರೈವರನಿಗೆ ನಮ್ಮ ಗಲ್ಲಿಗಳ ಪರಿಚಯವಿರುವುದಿಲ್ಲ. ಎದುರಿನಿಂದ ಗಾಯಾಳುಗಳ ಆಂಬುಲೆನ್ಸುಗಳು, ಹಿಂದಿನಿಂದ ಮೊಬೈಲಿನಲ್ಲಿ ಚಿತ್ರ ತೆಗೆಯಲು ಓಡಿಬರುವ ಜನ. ಇವೆರಡರ ನಡುವೆ ಅವನು ನಾಲ್ಕೂವರೆ ಟನ್ನು ನೀರನ್ನು ಹೊತ್ತು ಬರಬೇಕು.

ಈಗ ನಮ್ಮದೇ ಕಥೆಯನ್ನು ಹೇಳಿಬಿಡುತ್ತೇವೆ. ಲೇಖಣಿ ಹಿಡಿಯುವುದಕ್ಕೆ ಮುಂಚೆ ನಾವು ಗಲ್ಲಾದ ಮೇಲೆ ಕುಳಿತವರು. ಸುಮಾರು ಹದಿನೈದು ವರ್ಷಗಳ ಹಿಂದೆ ಡೊಂಬಿವಲಿಯ ಸ್ಟೇಷನ್ನಿನ ಬಳಿಯ ಒಂದು ಗಲ್ಲಿಯಲ್ಲಿ ನಮ್ಮದೊಂದು ಸಣ್ಣ ಹೋಟೆಲಿತ್ತು. ಒಂದು ದಿನ ಬೆಳಗಿನ ತಿಂಡಿಯ ಗಿರಾಕಿ ಇಳಿಯುವ ಹೊತ್ತಿಗೆ, ದೋಸೆಯ ಕಾವಲಿಯ ಮೇಲಿನ ಚಿಮಣಿಯಲ್ಲಿ ಕಟ್ಟಿಕೊಂಡಿದ್ದ ಎಣ್ಣೆಯ ಜಿಡ್ಡಿಗೆ ಬೆಂಕಿ ತಗಲಿತು. ಹಿಂಬದಿಯಲ್ಲಿ ತುಂಬಿದ ಗ್ಯಾಸಿನ ಸಿಲಿಂಡರುಗಳಿದ್ದವು. ನಾವು ಫೋನು ಮಾಡಿದೆವು. ಬಂಬವು ನಮ್ಮ ನಿರೀಕ್ಷೆಗಿಂತ ಬೇಗನೆ ಬಂದು ಗಲ್ಲಿಯ ಬಾಯಲ್ಲಿ ನಿಂತುಬಿಟ್ಟಿತು. ಏಕೆಂದರೆ ಅಲ್ಲಿ ಒಂದು ತರಕಾರಿಯ ಟೆಂಪೊ ಅಡ್ಡವಾಗಿ ನಿಂತಿತ್ತು. ಅದರಾಚೆ ಸಾಲಾಗಿ ಸ್ಕೂಟರುಗಳು. ಸ್ಕೂಟರುಗಳಾಚೆ ಜಾಗ ಸಾಲದೆಂದು ನಾವು ಹೊರಗೆ ಹಾಕಿಸಿದ್ದ ಎರಡು ಬೆಂಚುಗಳು.

ಬಂಬದ ಡ್ರೈವರನು ಟೆಂಪೊವನ್ನು ಗುದ್ದಿ ನುಗ್ಗಲಿಲ್ಲ. ಇಳಿದು, ಅದು ಯಾರದೆಂದು ಕೂಗಿ ಕೇಳಿದನು. ಅವನ ಸಂಗಡಿಗರು ಕೊಳವೆಗಳನ್ನು ಹೆಗಲ ಮೇಲೆ ಹೊತ್ತು, ಒಂದಕ್ಕೊಂದು ಜೋಡಿಸುತ್ತ ನಮ್ಮ ಬಾಗಿಲಿನವರೆಗೆ ಎಳೆದುಕೊಂಡು ಬಂದರು. ಈ ಕೆಲವು ನಿಮಿಷಗಳಲ್ಲಿ ನಾವು ಆ ಡ್ರೈವರನನ್ನು ಬಾಯಿಗೆ ಬಂದಂತೆ ಬೈದೆವು. ಅದೇ ಕೆಲವು ನಿಮಿಷಗಳಲ್ಲಿ, ಕುಂದಾಪುರದ ಕಡೆಯಿಂದ ಬಂದು ನಮ್ಮಲ್ಲಿ ಮಾಣಿಯಾಗಿದ್ದ ಒಬ್ಬ ಹುಡುಗನು, ಯಾರೂ ಹೇಳದೆಯೇ ಒಳಗೆ ನುಗ್ಗಿ ಸಿಲಿಂಡರನ್ನು ಹೊರಗೆಳೆದನು. ಅವನ ಬಲಗೈ ಸುಟ್ಟಿತು. ಬೆಂಕಿ ಆರಿತು; ದೇವರ ದಯೆಯಿಂದ ಪ್ರಾಣಹಾನಿಯಾಗಲಿಲ್ಲ.

ಕೊಳವೆಗಳನ್ನು ಸುತ್ತುತ್ತಿರುವಾಗ ಆ ಡ್ರೈವರನು ಕುಡಿಯಲು ನೀರು ಕೇಳಿದನು. ಕೊಟ್ಟೆವು. ಕುಡಿದು ಲೋಟವನ್ನು ಹಿಂದಿರುಗಿಸುತ್ತ ಮರಾಠಿಯಲ್ಲಿ, "ಸೇಠ್, ಸ್ಟೇಷನ್ನಿನಿಂದ ಗಲ್ಲಿಯವರೆಗೆ ತರುವುದು ನನ್ನ ಕೆಲಸ, ತಂದೆ. ಗಲ್ಲಿಯಿಂದ ನಿಮ್ಮ ಬಾಗಿಲಿನವರೆಗೆ ದಾರಿ ಇಡುವುದು ನಿಮ್ಮ ಕೆಲಸವಾಗಿತ್ತು," ಎಂದನು. ದನಿಯಲ್ಲಿ ಸಿಟ್ಟಿರಲಿಲ್ಲ. ಆ ಟೆಂಪೊ ನಮ್ಮ ಹೋಟೆಲಿಗೇ ತರಕಾರಿ ತಂದುದು. ಅದರ ಚಾಲಕನು ಒಳಗೆ ಕುಳಿತು ನಮ್ಮದೇ ಚಹಾ ಕುಡಿಯುತ್ತಿದ್ದನು. ಬೆಂಕಿಯೆಂದ ಕೂಡಲೆ ಎಲ್ಲರೊಡನೆ ಓಡಿಹೋಗಿದ್ದನು, ಬೀಗದ ಕೈಯೂ ಅವನೊಡನೆ ಹೋಗಿತ್ತು. ಆ ಹುಡುಗನು ಈಗ ಊರಿನಲ್ಲಿ ಒಂದು ಅಂಗಡಿ ನಡೆಸುತ್ತಿದ್ದಾನೆ. ಊರಿಗೆ ಹೋದಾಗಲೆಲ್ಲ ಅವನನ್ನು ಕಾಣುತ್ತೇವೆ. ಅವನ ಬಲಗೈಯ ಬೆರಳುಗಳು ಇಂದಿಗೂ ಪೂರ್ತಿ ಮಡಚುವುದಿಲ್ಲ. ಸಾಮಾನು ಕಟ್ಟುವಾಗ ದಾರವನ್ನು ಹಲ್ಲಿನಿಂದ ಎಳೆಯುತ್ತಾನೆ. ನಮ್ಮನ್ನು ಅವನು ಎಂದೂ ದೂರಿಲ್ಲ.

ಬಂಬದ ಚಾಲಕನ ಹೊಣೆಯು ಗಾಡಿ ನಿಲ್ಲಿಸಿದೊಡನೆ ಮುಗಿಯುತ್ತದೆಂದು ನಾವು ಅಂದು ತಿಳಿದಿದ್ದೆವು. ನಿಜವಾಗಿ ಅರ್ಧ ಕೆಲಸ ಆಗಲೇ ಆರಂಭವಾಗುವುದು. ಆತನ ಹುದ್ದೆಯ ಹೆಸರೇ ಡ್ರೈವರ್ ಮತ್ತು ಪಂಪ್ ಆಪರೇಟರ್ ಎಂದಿರುವುದುಂಟು. ಗಾಡಿಯನ್ನು ಬೆಂಕಿಯ ಶಾಖ, ಬೀಳಬಹುದಾದ ಗೋಡೆ, ತಲೆಯ ಮೇಲಿನ ವಿದ್ಯುತ್ ತಂತಿ ಇವುಗಳಿಂದ ದೂರವಾಗಿ, ಆದರೆ ಕೊಳವೆ ಮುಟ್ಟುವಷ್ಟು ಹತ್ತಿರವಾಗಿ ನಿಲ್ಲಿಸಬೇಕು. ಕೈಬ್ರೇಕು ಹಾಕಿ ಗಾಲಿಗಳಿಗೆ ಅಡೆ ಕೊಡಬೇಕು. ಆಮೇಲೆ ಗಾಡಿಯನ್ನು ಓಡಿಸುತ್ತಿದ್ದ ಎಂಜಿನ್ನಿನ ಬಲವನ್ನು ಪಂಪಿನ ಕಡೆಗೆ ತಿರುಗಿಸಬೇಕು. ನೀರಿನ ಒತ್ತಡವು ಕಡಿಮೆಯಾದರೆ ಮೂರನೆಯ ಮಾಳಿಗೆಗೆ ನೀರು ಏರುವುದಿಲ್ಲ. ಹಠಾತ್ತನೆ ಹೆಚ್ಚಾದರೆ ಕೊಳವೆಯ ಮೂತಿ ಹಿಡಿದವನನ್ನು ಅದು ಎತ್ತಿ ಒಗೆಯುತ್ತದೆ. ತೊಟ್ಟಿಯಲ್ಲಿ ಉಳಿದ ನೀರೆಷ್ಟು, ಮುಂದಿನ ಟ್ಯಾಂಕರು ಬರುವುದೆಂದಿಗೆ ಎಂಬ ಲೆಕ್ಕ ಅವನ ತಲೆಯಲ್ಲಿ ಓಡುತ್ತಿರಬೇಕು. ಒಳಗೆ ಹೊಗೆಯಲ್ಲಿ ಹೋದವರ ಪ್ರಾಣವು ಹೊರಗೆ ಪಂಪಿನ ಬಳಿ ನಿಂತ ಇವನ ಕೈಯಲ್ಲಿರುತ್ತದೆ. ಅಂತಹವನ ಹೆಗಲು ಹಿಡಿದು ಜಗ್ಗಿ "ನೀರು ಬಿಡು, ನೀರು ಬಿಡು" ಎಂದು ಕೂಗುವುದರಿಂದ ಪ್ರಯೋಜನವಿಲ್ಲ. ನೆಲದ ಮೇಲೆ ಹಾಸಿದ ಕೊಳವೆಯ ಮೇಲೆ ಸ್ಕೂಟರನ್ನು ಹಾಯಿಸುವುದು ಅದಕ್ಕಿಂತಲೂ ಕೆಟ್ಟ ಕೆಲಸ. ಕೊಳವೆ ಒಡೆದರೆ ಒಳಗಿದ್ದವನಿಗೆ ನೀರು ನಿಂತಿತು.

ಎತ್ತರದ ಕಟ್ಟಡಗಳಿಗೆ ಬರುವ ಏಣಿಯ ಬಂಬದ ಪರಿ ಇನ್ನೂ ನಾಜೂಕು. ಏಣಿಯನ್ನು ಮೇಲೆತ್ತುವ ಮೊದಲು ಅದು ಎರಡೂ ಬದಿಗೆ ತನ್ನ ಉಕ್ಕಿನ ಕಾಲುಗಳನ್ನು ಚಾಚಿ ನೆಲಕ್ಕೆ ಊರಬೇಕು. ಕಾಲೂರಬೇಕಾದ ಜಾಗದಲ್ಲಿ ಕಾರು ನಿಂತಿದ್ದರೆ ಏಣಿ ಏಳುವುದಿಲ್ಲ. ಚರಂಡಿಯ ತೆಳು ಹಾಸುಗಲ್ಲಿನ ಮೇಲೆ ಊರಿದರೆ ಗಾಡಿಯೇ ವಾಲುತ್ತದೆ. ಇದಕ್ಕಾಗಿಯೇ ೨೦೧೬ರ ರಾಷ್ಟ್ರೀಯ ಕಟ್ಟಡ ಸಂಹಿತೆಯು ಎತ್ತರದ ಕಟ್ಟಡಗಳ ಸುತ್ತಲಿನ ದಾರಿಯು ೪೫ ಟನ್ನು ತೂಕದ ಬಂಬವನ್ನು ತಾಳುವಂತಿರಬೇಕೆಂದು ಹೇಳಿದೆ. ಸೊಸೈಟಿಯ ಸಭೆಗಳಲ್ಲಿ ಆ ತೆರವಾದ ಜಾಗವನ್ನು ಕಾರುಗಳಿಗೆ ಹಂಚಿಕೊಳ್ಳಲು ಕೈಯೆತ್ತುವ ನಾವು, ಮೇಲಿನ ಮಾಳಿಗೆಯಲ್ಲಿ ಮಲಗಿರುವ ನಮ್ಮ ಮಕ್ಕಳ ಏಣಿಯನ್ನೇ ಹಂಚಿಕೊಳ್ಳುತ್ತಿದ್ದೇವೆಂದು ಅರಿಯಬೇಕು.

ನಗರಪಾಲಿಕೆಗಳಿಗೆ ನಾವು ಹೇಳಬೇಕಾದುದೂ ಇದೆ. ಬಂಬ ಓಡಿಸುವವನಿಗೆ ಭಾರಿ ವಾಹನದ ಲೈಸೆನ್ಸ್ ಇದ್ದರೆ ಸಾಲದು. ತುಂಬಿದ ತೊಟ್ಟಿ, ಅರ್ಧ ತೊಟ್ಟಿ, ಮಳೆಯ ರಸ್ತೆ ಇವುಗಳ ಮೇಲೆ ಅವನಿಗೆ ಮತ್ತೆ ಮತ್ತೆ ಅಭ್ಯಾಸ ದೊರೆಯತಕ್ಕದ್ದು. ಬಾಳಕೂಮಿನಿಂದಾಗಲಿ ಆಧಾರವಾಡಿಯಿಂದಾಗಲಿ ವಾಶಿಯಿಂದಾಗಲಿ ಹೊರಡುವ ಬಂಬವು, ಬೆಂಕಿಯಿಲ್ಲದ ದಿನವೇ, ಸಂಜೆಯ ದಟ್ಟಣೆಯ ಹೊತ್ತಿನಲ್ಲಿ ತನ್ನ ವಲಯದ ಗಲ್ಲಿಗಳಲ್ಲಿ ಒಮ್ಮೆ ಹಾದು, ಎಲ್ಲಿ ಸಿಕ್ಕಿಬೀಳುತ್ತದೆಂದು ಬರೆದಿಟ್ಟುಕೊಳ್ಳಲಿ. ಹಾಗೆ ಸಿಕ್ಕಿಬಿದ್ದಲ್ಲಿ ಪಾರ್ಕಿಂಗ್ ನಿಷೇಧದ ಪಟ್ಟೆ ಬಳಿದು, ಅದನ್ನು ಬಳಿದ ದಿನ ಮಾತ್ರವಲ್ಲದೆ ವರುಷವಿಡೀ ಪಾಲಿಸುವಂತೆ ಟ್ರಾಫಿಕ್ ಪೋಲೀಸರು ನೋಡಿಕೊಳ್ಳಲಿ. ಬ್ರೇಕು, ಟಯರು, ಪಂಪುಗಳ ತಪಾಸಣೆಯು ಪ್ರತಿ ಪಾಳಿಯ ಆರಂಭದಲ್ಲಿ ನಡೆಯಲಿ. ರಾತ್ರಿಪಾಳಿ ಮುಗಿಸಿದವನನ್ನೇ ಹಗಲುಪಾಳಿಗೂ ಕೂರಿಸುವ ಪ್ರಸಂಗ ಎಲ್ಲಿಯೂ ಬರದಷ್ಟು ಚಾಲಕರಿರಲಿ. ಮೂರು ಪಾಳಿ ದುಡಿದ ಕೈ ಹೇಗೆ ನಡುಗುತ್ತದೆಂಬುದನ್ನು ಹೋಟೆಲಿನಲ್ಲಿ ದುಡಿದವರು ಬಲ್ಲರು.

ಅಧಿಕಾರಿಗಳ ಕಡೆಗೆ ಬೆರಳು ತೋರಿಸಿ ಕೈ ತೊಳೆದುಕೊಳ್ಳುವುದು ನಮ್ಮ ಉದ್ದೇಶವಲ್ಲ. ಹೋಟೆಲಿನವರಾದ ನಮ್ಮ ಮೇಲೆ ವಿಶೇಷ ಹೊಣೆಯಿದೆ. ೨೦೧೫ರ ಅಕ್ಟೋಬರಿನಲ್ಲಿ ಕುರ್ಲಾದ ಒಂದು ಹೋಟೆಲಿನಲ್ಲಿ ಗ್ಯಾಸಿನ ಬೆಂಕಿಯಿಂದ ೮ ಜನ ಮಡಿದರು. ೨೦೧೭ರ ಡಿಸೆಂಬರಿನಲ್ಲಿ ಕಮಲಾ ಮಿಲ್ಸ್ ಆವರಣದ ಉಪಾಹಾರ ಗೃಹಗಳ ಬೆಂಕಿಯಲ್ಲಿ ೧೪ ಜನ ಸತ್ತರು. ೨೦೦೬ರ ಮಹಾರಾಷ್ಟ್ರ ಅಗ್ನಿ ಪ್ರತಿಬಂಧಕ ಕಾಯಿದೆಯ ಪ್ರಕಾರ ಜನವರಿಯಲ್ಲಿಯೂ ಜುಲೈಯಲ್ಲಿಯೂ ಅಗ್ನಿರಕ್ಷಣೆಯ ಸಾಧನಗಳು ಸರಿಯಾಗಿವೆಯೆಂಬ ಪ್ರಮಾಣಪತ್ರವನ್ನು ಸಲ್ಲಿಸಬೇಕು. ಕಾಗದ ಸಲ್ಲಿಸಿದೆವೆಂದು ಮಾಲಕರು ನಿಶ್ಚಿಂತರಾಗಬಾರದು. ಗಲ್ಲಿಯ ಬಾಯಿಯನ್ನು ಯಾವ ಪ್ರಮಾಣಪತ್ರವೂ ತೆರವು ಮಾಡುವುದಿಲ್ಲ.

ಮಾಡಬೇಕಾದ ಕೆಲಸಗಳು ಸಣ್ಣವು, ಖರ್ಚಿಲ್ಲದವು. ಸಾಮಾನು ಇಳಿಸಲು ಬರುವ ಟೆಂಪೊ ಗಲ್ಲಿಗೆ ಅಡ್ಡ ನಿಲ್ಲಬಾರದು. ಅದರ ಬೀಗದ ಕೈ ಗಲ್ಲಾದ ಮೇಲಿರಬೇಕು. ಬೆಂಚು, ನಾಮಫಲಕ, ಮಳೆಗಾಲಕ್ಕೆಂದು ಕಟ್ಟಿದ ತಗಡಿನ ಚಪ್ಪರ ಇವು ಬಂಬದ ಎತ್ತರಕ್ಕೂ ಅಗಲಕ್ಕೂ ತಡೆಯಾಗಬಾರದು. ಬೆಂಕಿ ಕಂಡೊಡನೆ ಯಾರು ಫೋನು ಮಾಡಬೇಕೆಂಬುದನ್ನು ಮೊದಲೇ ಗೊತ್ತು ಮಾಡಿರಬೇಕು. ೧೦೧ಕ್ಕಾಗಲಿ ೧೧೨ಕ್ಕಾಗಲಿ ಕರೆಮಾಡಿದವನು ಗಾಬರಿಯಲ್ಲಿ ಬರಿಯ "ಡೊಂಬಿವಲಿ" ಎಂದರೆ ಏನೂ ಹೇಳಿದಂತಾಗಲಿಲ್ಲ. ಪೂರ್ವವೋ ಪಶ್ಚಿಮವೋ ಎಂಬುದನ್ನು ಮೊದಲು ಹೇಳಬೇಕು. ಹಳಿಯ ತಪ್ಪು ಮಗ್ಗುಲಿಗೆ ಬಂದ ಬಂಬವು ಸೇತುವೆ ಸುತ್ತಿ ಬರುವಷ್ಟರಲ್ಲಿ ಎಲ್ಲವೂ ಮುಗಿದಿರುತ್ತದೆ. ರಸ್ತೆಯ ಹೆಸರು, ಹತ್ತಿರದ ದೇವಸ್ಥಾನ ಇಲ್ಲವೆ ಶಾಲೆ, ಗ್ಯಾಸು ಇದೆಯೇ, ಒಳಗೆ ಜನರಿದ್ದಾರೆಯೇ, ಇಷ್ಟನ್ನು ಮರಾಠಿಯಲ್ಲಿ ಹೇಳಲು ಹೊಸದಾಗಿ ಊರಿನಿಂದ ಬಂದ ಹುಡುಗನಿಗೂ ಕಲಿಸಿರಬೇಕು. ಇನ್ನೊಬ್ಬನು ಗಲ್ಲಿಯ ಬಾಯಿಗೆ ಓಡಿ ಹೋಗಿ ನಿಂತು, ದಾರಿ ತೆರವು ಮಾಡಿಸಿ, ಬಂಬಕ್ಕೆ ಕೈ ತೋರಿಸಬೇಕು. ಬಂಬವು ಹಿಂದಕ್ಕೆ ಸರಿಯುವಾಗ ಅದರ ಹಿಂದೆ ಯಾರೂ ನಿಲ್ಲಬಾರದು. ಚಾಲಕನಿಗೆ ಹಿಂಬದಿ ಕಾಣುವುದಿಲ್ಲ.

ಗುಮಾಸ್ತ ಬಂಧುಗಳಲ್ಲಿ ಬಹುಮಂದಿ ತಮ್ಮ ತಮ್ಮ ಸೊಸೈಟಿಗಳಲ್ಲಿ ಕಾರ್ಯದರ್ಶಿಗಳು, ಖಜಾಂಚಿಗಳು. ಗೇಟು ಪೂರ್ತಿ ತೆರೆಯುತ್ತದೆಯೇ, ರಾತ್ರಿ ಅದರ ಬೀಗದ ಕೈ ವಾಚಮನ್ನನ ಬಳಿಯಿರುತ್ತದೆಯೇ ಎಂಬುದನ್ನು ಅವರು ಈ ಭಾನುವಾರವೇ ಪರೀಕ್ಷಿಸಲಿ. ಸ್ಕೂಟರು, ರಿಕ್ಷಾ, ಕಾರುಗಳಲ್ಲಿ ಹೋಗುವವರು ಸೈರನ್ ಕೇಳಿದೊಡನೆ ಗಾಬರಿಯಾಗದೆ ಎಡಕ್ಕೆ ಸರಿದು ನಿಲ್ಲಲಿ. ಬಂಬ ಹೋಯಿತೆಂದು ತಟ್ಟನೆ ಹೊರಡಬಾರದು. ಅದರ ಹಿಂದೆ ಇನ್ನೊಂದು ಬರುತ್ತಿರಬಹುದು. ನಮ್ಮ ಕನ್ನಡ ಸಂಘಗಳು ವಾರ್ಷಿಕೋತ್ಸವಕ್ಕೆ ಯಕ್ಷಗಾನವನ್ನೂ ಸನ್ಮಾನವನ್ನೂ ಇಟ್ಟುಕೊಳ್ಳುತ್ತವೆ, ಸಂತೋಷ. ಅವುಗಳ ನಡುವೆ ಅರ್ಧ ಗಂಟೆಯನ್ನು ಸ್ಥಳೀಯ ಅಗ್ನಿಶಾಮಕ ದಳದ ಒಬ್ಬ ಚಾಲಕನಿಗೆ ಕೊಡಲಿ. ಅವನಿಗೆ ಒಂದು ಶಾಲನ್ನೂ ಹೊದಿಸಲಿ.

ಪ್ರತಿ ವರ್ಷ ಏಪ್ರಿಲ್ ೧೪ರಂದು ದೇಶವು ಅಗ್ನಿಶಾಮಕ ಸೇವಾ ದಿನವನ್ನು ಆಚರಿಸುತ್ತದೆ. ೧೯೪೪ರ ಆ ದಿನ ಮುಂಬಯಿಯ ವಿಕ್ಟೋರಿಯಾ ಗೋದಿಯಲ್ಲಿ ಫೋರ್ಟ್ ಸ್ಟಿಕಿನ್ ಎಂಬ ಹಡಗು ಸಿಡಿದು, ಅದರ ಬೆಂಕಿಯನ್ನು ಆರಿಸಲು ಹೋಗಿದ್ದ ೬೬ ಮಂದಿ ಅಗ್ನಿಶಾಮಕರು ಪ್ರಾಣವನ್ನು ಅರ್ಪಿಸಿದರು. ೨೦೧೫ರ ಮೇ ೯ರಂದು ಕಾಲಬಾದೇವಿಯ ಇಕ್ಕಟ್ಟಾದ ಬೀದಿಯಲ್ಲಿ ಗೋಕುಲ ನಿವಾಸವೆಂಬ ಹಳೆಯ ಕಟ್ಟಡಕ್ಕೆ ಬೆಂಕಿ ಬಿದ್ದು ಕುಸಿದಾಗ ಮುಂಬಯಿ ಅಗ್ನಿಶಾಮಕ ದಳದ ನಾಲ್ವರು ಅಧಿಕಾರಿಗಳನ್ನು ನಾವು ಕಳೆದುಕೊಂಡೆವು. ಸಂಜಯ ರಾಣೆ, ಮಹೇಂದ್ರ ದೇಸಾಯಿ ಅಲ್ಲಿಯೇ ಮಡಿದರು. ಸುಧೀರ್ ಅಮೀನ್, ಮುಖ್ಯಾಧಿಕಾರಿ ಸುನೀಲ ನೇಸರೀಕರ ಇವರು ಸುಟ್ಟ ಗಾಯಗಳಿಂದ ಆಸ್ಪತ್ರೆಯಲ್ಲಿ ತೀರಿಕೊಂಡರು. ಬೆಂಕಿಯ ಬಾಯಿಗೆ ಹೋಗುವವರು ಇವರು. ಅಲ್ಲಿಗೆ ಹೋಗುವ ದಾರಿಯಲ್ಲಿಯೂ ಅವರ ಪ್ರಾಣಕ್ಕೆ ಅಪಾಯವಾಗುವಂತೆ ನಾವು ಮಾಡಬಾರದು.

ಇಂದು ರಾತ್ರಿ ಕೊನೆಯ ಗಿರಾಕಿಯನ್ನು ಕಳುಹಿಸಿ, ಲೆಕ್ಕ ಮುಗಿಸಿ, ಶಟರು ಎಳೆದಾದ ಮೇಲೆ ಹೋಟೆಲ್ ಬಂಧುಗಳು ಒಂದು ಉಪಕಾರ ಮಾಡಬೇಕು. ತಮ್ಮ ಬಾಗಿಲಿನಿಂದ ಗಲ್ಲಿಯ ಬಾಯಿಯವರೆಗೆ ನಡೆದು ಹೋಗಿ, ಅಲ್ಲಿ ನಿಂತು ಹಿಂದಿರುಗಿ ನೋಡಬೇಕು. ಒಂದು ಬಂಬವು ಒಳಗೆ ಬರಬಲ್ಲುದೆ? ಬರಲಾರದಾದರೆ, ತಡೆದಿರುವುದು ಯಾವುದೆಂಬುದು ಅಲ್ಲಿ ನಿಂತವರ ಕಣ್ಣಿಗೇ ಕಾಣುತ್ತದೆ. ಅದನ್ನು ನಾಳೆಯ ಬೆಳಗಿಗೆ ಬಿಡದೆ ಇಂದೇ ಸರಿಸಬೇಕೆಂದು, ಒಬ್ಬ ಹುಡುಗನ ಬಲಗೈಗೆ ಋಣಿಗಳಾದ ನಾವು ಕೇಳಿಕೊಳ್ಳುತ್ತೇವೆ.